ಗೋಡೆಯ ಮೇಲೆ 27 ಕಿಲೊ

ನಮ್ಮ ದಾದಾ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಲಬುರಗಿಯಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವರು. ಅಂಗಡಿ ಈಗಿಲ್ಲ. ಅಂಗಡಿಯಿಂದ ಮನೆಗೆ ಬಂದ ಸಾಮಾನುಗಳಲ್ಲಿ ಉಳಿದಿರುವುದು ಒಂದು ಆಂಪ್ಲಿಫೈಯರ್, ಒಂದು ಡಬ್ಬ ತುಂಬ ಸಣ್ಣಪುಟ್ಟ ಬಿಡಿಭಾಗಗಳು ಮತ್ತು ಎರಡು ದೊಡ್ಡ ಸ್ಪೀಕರ್. ಈ ಸ್ಪೀಕರ್‌ಗಳ ಪೆಟ್ಟಿಗೆಯನ್ನು ದಾದಾ ತಾವೇ ಪ್ಲೈವುಡ್ ಕೊಯ್ದು ಮಾಡಿದ್ದು. ಎಂಟು ಇಂಚಿನ ವೂಫರ್, ಮೇಲೊಂದು ಟ್ವೀಟರ್, ಮುಂದೆ ಕಪ್ಪು ಬಟ್ಟೆ. ಈಗಿನ ಬ್ಲೂಟೂತ್ ಡಬ್ಬಿಗಳ ಮುಂದೆ ಇವು ಹಳೆಯ ಕಾಲದ ಬೀರುಗಳಂತೆ ಕಾಣುತ್ತವೆ. ಆದರೆ ದಾದಾರಿಗೆ ಈಗ ಕಿವಿ ಸ್ವಲ್ಪ ಮಂದ. ಮೊಬೈಲಿನ ಸದ್ದು ಅವರಿಗೆ ಸೊಳ್ಳೆ ಹಾರಿದಂತೆ ಕೇಳುತ್ತದಂತೆ. ರಫಿ ಸಾಹೇಬರ ಹಾಡಾಗಲಿ, ಹಳೆಯ ಕವ್ವಾಲಿಯಾಗಲಿ, ಸುದ್ದಿಯಾಗಲಿ ಈ ಪೆಟ್ಟಿಗೆಗಳಿಂದ ಬಂದರೆ ಮಾತ್ರ ಅವರಿಗೆ ಕೇಳಿದಂತೆ.

ನಮ್ಮ ಮನೆಯ ಹಳೆಯ ಭಾಗ ಪೂರಾ ಶಹಾಬಾದ್ ಕಲ್ಲಿನದು. ಕಲಬುರಗಿಯ ಹಳೆಯ ಮನೆಗಳಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ. ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆಗೂ ಹಾಸುಗಲ್ಲು. ಒಂದೂವರೆ ಅಡಿ ದಪ್ಪದ ಆ ಗೋಡೆಯಲ್ಲಿ ಕಟ್ಟುವಾಗಲೇ ಗೂಡು ಬಿಟ್ಟಿರುತ್ತಾರೆ. ನಾವು ಮನೆಯಲ್ಲಿ ಅದಕ್ಕೆ ತಾಖ್ ಅನ್ನುತ್ತೇವೆ. ಕೆಲವು ಕಡೆ ಕಲ್ಲಿನ ಚಪ್ಪಡಿಯನ್ನೇ ಗೋಡೆಯೊಳಗೆ ಅರ್ಧ ಸೇರಿಸಿ, ಅರ್ಧ ಹೊರಗೆ ಚಾಚಿ ಶೆಲ್ಫ್ ಮಾಡಿರುತ್ತಾರೆ. ಮೊಳೆಯಿಲ್ಲ, ಸ್ಕ್ರೂ ಇಲ್ಲ. ಚಪ್ಪಡಿಯ ಒಳತುದಿಯ ಮೇಲೆ ಇಡೀ ಗೋಡೆಯ ಭಾರ ಕೂತಿರುವುದರಿಂದ ಹೊರತುದಿ ಬಾಗುವುದಿಲ್ಲ. ಸ್ಪೀಕರ್‌ಗಳು ಎಷ್ಟೋ ವರ್ಷ ಅಂಥ ಚಪ್ಪಡಿಯ ಮೇಲೆಯೇ ಇದ್ದವು.

ಕಳೆದ ಮಳೆಗಾಲದಲ್ಲಿ ಆ ಕೋಣೆಯ ಮಾಳಿಗೆ ಸೋರತೊಡಗಿತು. ದಾದಾರನ್ನು ಹಿಂದಿನ ಹೊಸ ಕೋಣೆಗೆ ಕರೆತಂದೆವು. ಅದು ಎರಡು ವರ್ಷದ ಹಿಂದೆ ಸಿಮೆಂಟಿನ ಹಾಲೋ ಬ್ಲಾಕಿನಲ್ಲಿ ಕಟ್ಟಿದ್ದು. ಸ್ಪೀಕರ್‌ಗಳು ನೆಲಕ್ಕೆ ಬಂದವು. ಅಮ್ಮಿ ನೆಲ ಒರೆಸುವಾಗ ಪ್ರತಿದಿನ ಅವುಗಳ ಕೆಳಗೆ ನೀರು. ಫುಫಿಯ ಎರಡು ವರ್ಷದ ಮಗ ಬಂದಾಗಲೆಲ್ಲ ಕಪ್ಪು ಬಟ್ಟೆಯೊಳಕ್ಕೆ ಬೆರಳು ತೂರಿಸುವ ಪ್ರಯತ್ನ. ಕಡೆಗೆ ಅಬ್ಬಾ ನನ್ನ ಕೈಗೆ 2,000 ರೂಪಾಯಿ ಕೊಟ್ಟು, "ಬಡಿಗೇರ ಕಾಕಾನ್ನ ಕರೆಸಿ ಗೋಡೆಗೆ ಒಂದು ಗಟ್ಟಿ ಶೆಲ್ಫ್ ಹಾಕಿಸು. ಲೆಕ್ಕ ಬರೆದಿಡು" ಎಂದರು. ಬಡಿಗೇರ ಕಾಕಾ ನಮ್ಮ ಓಣಿಯ ಕೊನೆಯ ಮನೆಯವರು. ನಮ್ಮ ಮನೆಯ ಬಾಗಿಲು, ಕಿಟಕಿ ಎಲ್ಲ ಅವರ ಕೈಯದೇ.

ಇಲ್ಲಿಂದ ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ಸ್ವಲ್ಪ ದಿನ ಯೋಚಿಸಿದೆ. ವಾರ್ತಾಪತ್ರವನ್ನು ಮನೆಗೂ ಒಯ್ಯುತ್ತೇನೆ. ಆದರೆ ಮನೆಯವರಿಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ.

ನಾನು ಕಾಕಾನ್ನ ಕರೆಯಲಿಲ್ಲ. ಯೂಟ್ಯೂಬಿನಲ್ಲಿ ಎರಡು ವಿಡಿಯೊ ನೋಡಿದೆ. ಎರಡರಲ್ಲೂ ಹತ್ತು ನಿಮಿಷದಲ್ಲಿ ಶೆಲ್ಫ್ ತಯಾರು. ಇಷ್ಟಕ್ಕೆ ಬಡಿಗನಿಗೆ ಯಾಕೆ ಕೂಲಿ ಎನಿಸಿತು. ಸನ್‌ಮೈಕಾ ಅಂಟಿಸಿದ ರೆಡಿಮೇಡ್ ಹಲಗೆಗೆ 650, ಎರಡು ಎಲ್ ಬ್ರಾಕೆಟಿಗೆ 180, ಸ್ಕ್ರೂ ಮತ್ತು ಪ್ಲಾಸ್ಟಿಕ್ಕಿನ ರಾವಲ್ ಪ್ಲಗ್ಗಿಗೆ 40, ಡ್ರಿಲ್ ಮೆಷಿನ್ನಿನ ಬಾಡಿಗೆ 150. ಒಟ್ಟು 1,020. ಚೀಟಿಯಲ್ಲಿ ಇದರ ಕೆಳಗೆ "ಬಡಿಗೇರ ಕಾಕಾ ಮಜೂರಿ 800" ಎಂದು ಬರೆದೆ. ಉಳಿದ 180 ರೂಪಾಯಿಯನ್ನು ಅಬ್ಬಾರ ಕೈಗೆ ಪ್ರಾಮಾಣಿಕನಂತೆ ವಾಪಸು ಕೊಟ್ಟೆ. ಕೂಡಿಸಿದರೆ ಸರಿಯಾಗಿ 2,000. ತಾಳೆಪಟ್ಟಿಯ ಎರಡೂ ಬದಿ ಸರಿಹೊಂದಿತು ಎಂದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಹೇಳಲಾಗದು ಎಂದು ನಮ್ಮ ಮೇಡಂ ಮೊದಲ ವರ್ಷದಲ್ಲೇ ಪಾಠ ಮಾಡಿದ್ದರು. ಆಗ ನನಗೆ ಅದು ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ಕಂಡಿತ್ತು. 800ರಲ್ಲಿ 450 ನಮ್ಮ ಓಣಿಯ ಕ್ರಿಕೆಟ್ ತಂಡದ ಟೀ ಶರ್ಟಿಗೆ ಹೋಯಿತು, ಉಳಿದದ್ದು ಗೆಳೆಯರ ಜೊತೆ ಬಿರಿಯಾನಿಗೆ.

ಶೆಲ್ಫನ್ನು ಎಲ್ಲಿ ಹಾಕಿದೆ ಗೊತ್ತೇ? ದಾದಾರ ಮಂಚದ ತಲೆದಿಂಬಿನ ನೇರ ಮೇಲೆ. ಅಲ್ಲಿ ಹಾಕಿದರೆ ಸದ್ದು ಕಿವಿಗೆ ಹತ್ತಿರ ಎಂಬುದು ನನ್ನ ಬುದ್ಧಿ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಡ್ರಿಲ್ ಹಿಡಿದೆ. ಬಿಟ್ ಗೋಡೆಯೊಳಗೆ ಒಂದಿಷ್ಟು ದೂರ ಹೋದಮೇಲೆ ಸಟ್ಟನೆ ಬೆಣ್ಣೆಯೊಳಗೆ ಹೋದಂತೆ ಒಳಕ್ಕೆ ಜಾರಿತು. ಕೆಲಸ ಸಲೀಸಾಯಿತೆಂದು ಖುಷಿಪಟ್ಟೆ. ಪ್ಲಗ್ ಸ್ವಲ್ಪ ಸಡಿಲವಿತ್ತು. ಅದಕ್ಕೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿದೆ. ಸ್ಪೀಕರ್ ಇಟ್ಟೆ. ನಿಂತಿತು. ಸಂಜೆ ದಾದಾ ಬಂದು ನೋಡಿ, "ಕಾಕಾ ಒಳ್ಳೆ ಕೆಲಸ ಮಾಡಿದ್ದಾನೆ, ಆದರೆ ಪಟ್ಟಿ ಸಣ್ಣದಾಯಿತು" ಎಂದರು. ನಾನು ಮಾತಾಡಲಿಲ್ಲ.

ಹನ್ನೊಂದು ದಿನ ನಿಂತಿತ್ತು.

ಹನ್ನೊಂದನೆಯ ರಾತ್ರಿ ಊಟವಾದ ಮೇಲೆ ನನ್ನ ತಂಗಿ ಛೋಟಿ ಯಾವಾಗಿನಂತೆ ದಾದಾರ ದಿಂಬಿಗೆ ಒರಗಿ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಅವಳು ಮೂರನೆಯ ತರಗತಿ. ದಾದಾ ಬಚ್ಚಲಿಗೆ ಹೋಗಿದ್ದರು. ಹಾಡು ನಡೆದಿತ್ತು. ಅಮ್ಮಿ ಅಡುಗೆಮನೆಯಿಂದ, "ಛೋಟಿ, ದಾದಾರಿಗೆ ಗುಳಿಗೆ ನುಂಗಲು ನೀರು ಒಯ್ಯಿ" ಎಂದು ಕೂಗಿದರು. ಅವಳು ಎದ್ದು ಹೋಗಿ ಲೋಟ ಹಿಡಿದು ಹೊಸ್ತಿಲಿಗೆ ಬಂದಿದ್ದಳು, ಅಷ್ಟರಲ್ಲಿ ಎಡಗಡೆಯ ಬ್ರಾಕೆಟ್ ಗೋಡೆಯ ಪ್ಲಾಸ್ಟರನ್ನೂ ಕಿತ್ತುಕೊಂಡು ಬಂತು. ಹಲಗೆ ನಡುವೆ ಬಿಸ್ಕತ್ತಿನ ಹಾಗೆ ಮುರಿಯಿತು. ಎಡ ಸ್ಪೀಕರ್ ದಿಂಬಿನ ಮೇಲೆ ಮೂಲೆಯೂರಿ ಬಿದ್ದು ಅಲ್ಲಿಂದ ನೆಲಕ್ಕೆ ಉರುಳಿತು. ಬಲದ್ದು ಮಂಚದ ಮೇಲೆ ಮುಖ ಕೆಳಗಾಗಿ ಬಿತ್ತು. ಅವಳ ನೋಟ್‌ಬುಕ್ ಅದರ ಕೆಳಗೆ.

ದಾದಾ ಓಡಿಬಂದರು. ಎಪ್ಪತ್ತು ದಾಟಿದವರು, ಮೊಣಕಾಲು ನೋವಿರುವವರು, ನಿಜಕ್ಕೂ ಓಡಿಯೇ ಬಂದರು. "ಬಚ್ಚೀ ಕಹಾಂ ಹೈ?" ಎಂಬುದೊಂದೇ ಮಾತು. ಅವಳು ಹೊಸ್ತಿಲಲ್ಲಿ ಲೋಟ ಹಿಡಿದು ನಿಂತಿರುವುದನ್ನು ನೋಡಿದ ಮೇಲೆ ನೆಲದ ಮೇಲೆಯೇ ಕೂತುಬಿಟ್ಟರು. ಸ್ಪೀಕರಿನ ಕಡೆ ಅವರು ಆ ರಾತ್ರಿ ತಿರುಗಿಯೂ ನೋಡಲಿಲ್ಲ.

ಅಬ್ಬಾ ಅಂಗಡಿಯಿಂದ ಬಂದಾಗ ಹತ್ತು ಗಂಟೆ. ದಿಂಬಿನ ಮೇಲಿನ ತಗ್ಗು ನೋಡಿದರು, ಗೋಡೆ ನೋಡಿದರು, ಕೂಡಲೇ ಬಡಿಗೇರ ಕಾಕಾಗೆ ಫೋನ್ ಹಚ್ಚಿದರು. ಅಬ್ಬಾ ಹೊರಗಿನವರ ಜೊತೆ ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಎಂಟುನೂರು ತಗೊಂಡು ಇಂಥ ಕೆಲಸ ಮಾಡೂದೇನ್ರಿ? ನನ್ನ ಮಗಳು ಸತ್ತಿದ್ದರ?" ಎಂದರು. ಆ ಕಡೆಯಿಂದ ಏನು ಕೇಳಿಬಂತೋ, ಅಬ್ಬಾ ಸುಮ್ಮನಾಗಿ ಫೋನ್ ಇಟ್ಟರು. ಆಗಲೇ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಐದು ನಿಮಿಷದಲ್ಲಿ ಕಾಕಾ ಬನಿಯನ್ ಮೇಲೆಯೇ ಟವೆಲ್ ಹೊದ್ದು ಬಂದರು. ಯಾರನ್ನೂ ಮಾತಾಡಿಸದೆ ಗೋಡೆಯ ಹತ್ತಿರ ಹೋಗಿ ತೂತಿನೊಳಗೆ ಬೆರಳಿಟ್ಟರು. ಬೆಂಕಿಕಡ್ಡಿಯ ಒಂದು ತುಂಡು ಹೊರಗೆ ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅಬ್ಬಾರಿಗೆ ತೋರಿಸಿ, "ಈ ತೂತ ನಂದಲ್ರಿ ಭಾಯಿ. ನಾ ಹಾಲೋ ಬ್ಲಾಕಿಗೆ ಈ ಪ್ಲಗ್ ಹಾಕಂಗಿಲ್ಲ. ನಿಮ್ಮನಿಗೆ ನಾ ಬಂದು ವರ್ಷಾತು" ಎಂದರು.

ಕೋಣೆಯಲ್ಲಿದ್ದ ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೇಳಿದೆ. ಹೇಗೆ ಹೇಳಿದೆ ಎಂಬುದು ನೆನಪಿಲ್ಲ, ಟೀ ಶರ್ಟು, ಬಿರಿಯಾನಿ ಎಲ್ಲವನ್ನೂ ಹೇಳಿದೆ ಎಂಬುದಷ್ಟೇ ನೆನಪಿದೆ.

ಅಬ್ಬಾ ಹೊಡೆಯಲಿಲ್ಲ. ಕಾಕಾರ ಎರಡೂ ಕೈ ಹಿಡಿದು ಮಾಫಿ ಕೇಳಿದರು. ನನ್ನ ತಂದೆ ನನ್ನ ಸುಳ್ಳಿಗೆ ನನ್ನ ಮುಂದೆಯೇ ಇನ್ನೊಬ್ಬರ ಕ್ಷಮೆ ಕೇಳಿದ್ದನ್ನು ನೋಡುವುದಕ್ಕಿಂತ ಎರಡೇಟು ತಿನ್ನುವುದು ಸುಲಭವಿತ್ತು. ಆಮೇಲೆ ನನಗೆ ಹೇಳಿದ್ದು ಇಷ್ಟು: "ಶೆಲ್ಫ್ ಮತ್ತೆ ಆಗಬೇಕು. ಕಾಕಾ ಮಾಡ್ತಾರೆ. ನೀನು ಅವರ ಕೈಕೆಳಗೆ ಕೆಲಸ ಮಾಡ್ತಿ. ಖರ್ಚೆಲ್ಲ ನಿನ್ನ ಖಾತೆಗೆ."

ಮರುವಾರ ಕಾಕಾ ಕೇಳಿದ ಮೊದಲ ಪ್ರಶ್ನೆ, "ತೂಕ ಎಷ್ಟದ?" ನನಗೆ ಗೊತ್ತಿರಲಿಲ್ಲ. ನಮ್ಮದು ಕಿರಾಣಿ ಅಂಗಡಿ. ದಿನವಿಡೀ ಸಕ್ಕರೆ, ಬೇಳೆ ತೂಗುವ ಮನೆಯವನಾಗಿ ಗೋಡೆಗೆ ನೇತುಹಾಕುವ ಸಾಮಾನನ್ನು ಮಾತ್ರ ತೂಗಿರಲಿಲ್ಲ. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅಂಗಡಿಗೆ ಒಯ್ದು ತಕ್ಕಡಿಗಿಟ್ಟೆ. ಒಂದು 13 ಕಿಲೊ 400 ಗ್ರಾಂ, ಇನ್ನೊಂದು 13 ಕಿಲೊ 600 ಗ್ರಾಂ. ಎರಡೂ ಸೇರಿ 27 ಕಿಲೊ. ಒಂದು ಮೂಟೆ ಅಕ್ಕಿಗಿಂತ ಹೆಚ್ಚು. ಅಷ್ಟನ್ನು ನಾಲ್ಕು ಇಂಚೂ ಇಲ್ಲದ ಸ್ಕ್ರೂಗಳ ಮೇಲೆ, ಮುದುಕರೊಬ್ಬರ ತಲೆಯ ಮೇಲೆ ಇಟ್ಟಿದ್ದೆ.

ಎರಡನೆಯ ಮಾತು, "ಮೊದಲ ಗ್ವಾಡಿ ಕೇಳು." ಸುತ್ತಿಗೆಯ ಹಿಡಿಯಿಂದ ಗೋಡೆಯ ಮೇಲೆ ಬಡಿಯುತ್ತ ಹೋದರು. ಒಂದು ಕಡೆ ಟಕ್ ಟಕ್, ಒಂದು ಕಡೆ ಡಬ್ ಡಬ್. ಹಾಲೋ ಬ್ಲಾಕ್ ಎಂದರೆ ಒಳಗೆ ಟೊಳ್ಳಿರುವ ಕಾಂಕ್ರೀಟ್ ಇಟ್ಟಿಗೆ. ಹೊರಗಿನಿಂದ ಆರು ಇಂಚು ದಪ್ಪ ಕಂಡರೂ ಮುಂದಿನ ಗೋಡೆ ಒಂದರಿಂದ ಒಂದೂವರೆ ಇಂಚು, ಆಮೇಲೆ ಖಾಲಿ, ಆಮೇಲೆ ಹಿಂದಿನ ಗೋಡೆ ಅಷ್ಟೇ. ನನ್ನ ಬಿಟ್ ಬೆಣ್ಣೆಯೊಳಗೆ ಹೋದಂತೆ ಜಾರಿದ್ದು ಆ ಖಾಲಿ ಜಾಗಕ್ಕೆ. ರಾವಲ್ ಪ್ಲಗ್ ಕೆಲಸ ಮಾಡುವುದು ಸುತ್ತಲಿನ ಗಟ್ಟಿ ಇಟ್ಟಿಗೆಯನ್ನು ಒತ್ತಿ ಹಿಡಿಯುವುದರಿಂದ. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಅಗಲವಾಗಿ ತೂತಿನ ಬದಿಗೆ ಬಿಗಿದುಕೊಳ್ಳುತ್ತದೆ. ಒತ್ತಲು ಬದಿಯೇ ಇಲ್ಲದಿದ್ದರೆ ಅದು ಗಾಳಿಯಲ್ಲಿ ಅಗಲವಾಗುತ್ತದೆ. ಜೊತೆಗೆ ನಾನು ಡ್ರಿಲ್ಲನ್ನು ಹ್ಯಾಮರ್ ಮೇಲಿಟ್ಟು ಓಡಿಸಿದ್ದೆ. ಆ ಬಡಿತಕ್ಕೆ ತೆಳುವಾದ ಮುಂಗೋಡೆಯ ಒಳಮೈ ಚಕ್ಕೆಯಾಗಿ ಉದುರಿತ್ತು. ಪ್ಲಗ್ಗಿಗೆ ಉಳಿದದ್ದು ಪ್ಲಾಸ್ಟರ್ ಮತ್ತು ನನ್ನ ಬೆಂಕಿಕಡ್ಡಿ. ವೂಫರ್ ಪ್ರತಿ ಸಲ ದಡ್ ಎಂದಾಗಲೂ ಅದು ಸ್ವಲ್ಪ ಸ್ವಲ್ಪ ಸಡಿಲವಾಗುತ್ತ ಹನ್ನೊಂದು ದಿನ ತೆಗೆದುಕೊಂಡಿದೆ.

ಹಳೆಯ ಕಲ್ಲಿನ ಗೋಡೆಗೆ ಹಾಕಬಹುದಲ್ಲ ಎಂದು ಕೇಳಿದೆ. ಕಾಕಾ ತಲೆಯಾಡಿಸಿದರು. ಆ ಗೋಡೆ ಹೊರುವುದು ಮೇಲಿನಿಂದ ಬರುವ ಭಾರವನ್ನು. ಕಲ್ಲುಗಳ ನಡುವೆ ಇರುವುದು ಮಣ್ಣು. ಹೊರಗೆ ಎಳೆಯುವ ಬೋಲ್ಟನ್ನು ಮಣ್ಣು ಹಿಡಿಯುವುದಿಲ್ಲ. ದಾದಾ ಮಲಗುವುದೂ ಈಗ ಅಲ್ಲಲ್ಲ.

"ಹೊರಗೆ ಎಳೆಯುವುದು" ಎಂಬ ಮಾತು ನನಗೆ ಅರ್ಥವಾಗಲಿಲ್ಲ. ಭಾರ ಕೆಳಗೆ ತಾನೇ ಎಳೆಯಬೇಕು? ಕಾಲೇಜಿನಲ್ಲಿ ಭೌತಶಾಸ್ತ್ರದ ಸರ್ ಅವರನ್ನು ಕಾರಿಡಾರಿನಲ್ಲಿ ಹಿಡಿದು ಕೇಳಿದೆ. ಕಾಮರ್ಸಿನ ಹುಡುಗ ಇದನ್ನೇಕೆ ಕೇಳುತ್ತಾನೆ ಎಂದು ಅವರಿಗೆ ಆಶ್ಚರ್ಯ. ಅವರ ಕೈಯಲ್ಲಿದ್ದ ದಪ್ಪ ಪುಸ್ತಕವನ್ನು ನನಗೆ ಕೊಟ್ಟು ಎದೆಯ ಹತ್ತಿರ ಹಿಡಿಯಲು ಹೇಳಿದರು. ಆಮೇಲೆ ತೋಳು ನೀಟಾಗಿ ಮುಂದೆ ಚಾಚಿ ಹಿಡಿ ಎಂದರು. ಅರ್ಧ ನಿಮಿಷಕ್ಕೆ ಭುಜ ನಡುಗತೊಡಗಿತು. ಪುಸ್ತಕದ ತೂಕ ಹೆಚ್ಚಾಗಲಿಲ್ಲ, ದೂರ ಹೆಚ್ಚಾಯಿತು. ಶೆಲ್ಫ್ ಕೂಡ ಚಾಚಿದ ತೋಳು. ಬ್ರಾಕೆಟ್ಟಿನ ಕೆಳತುದಿ ಗೋಡೆಗೆ ಒತ್ತಿಕೊಳ್ಳುತ್ತದೆ, ಮೇಲ್ತುದಿ ಗೋಡೆಯಿಂದ ಕಿತ್ತು ಬರಲು ನೋಡುತ್ತದೆ. ಎಷ್ಟು ಜೋರಾಗಿ ಎಂಬುದಕ್ಕೆ ಲೆಕ್ಕವಿದೆ. ಭಾರವನ್ನು ಗೋಡೆಯಿಂದ ಅದರ ದೂರಕ್ಕೆ ಗುಣಿಸಿ, ಬ್ರಾಕೆಟ್ಟಿನ ನಿಂತ ಕಾಲಿನ ಉದ್ದದಿಂದ ಭಾಗಿಸಬೇಕು.

ಇದು ನನಗೆ ಹಿಡಿಸಿತು, ಏಕೆಂದರೆ ಬರೀ ಗುಣಾಕಾರ, ಭಾಗಾಕಾರ. ಸ್ಪೀಕರಿನ ಭಾರದ ಮಧ್ಯಬಿಂದು ಗೋಡೆಯಿಂದ ಸುಮಾರು 18 ಸೆಂಟಿಮೀಟರ್. ನನ್ನ ಹಳೆಯ ಬ್ರಾಕೆಟ್ಟಿನ ನಿಂತ ಕಾಲು 15 ಸೆಂಟಿಮೀಟರ್. 27ನ್ನು 18ರಿಂದ ಗುಣಿಸಿ 15ರಿಂದ ಭಾಗಿಸಿದರೆ 32 ಕಿಲೊಗೂ ಹೆಚ್ಚು. ಅಂದರೆ ಸ್ಪೀಕರ್‌ಗಳ ತೂಕಕ್ಕಿಂತ ಹೆಚ್ಚಿನ ಜೋರಿನಲ್ಲಿ ಮೇಲಿನ ಸ್ಕ್ರೂಗಳು ಹೊರಗೆ ಎಳೆಯಲ್ಪಡುತ್ತಿದ್ದವು, ಅದೂ ಹಗಲುರಾತ್ರಿ. ಕಾಲು 45 ಸೆಂಟಿಮೀಟರ್ ಇದ್ದರೆ ಅದೇ ಭಾರಕ್ಕೆ ಎಳೆತ 11 ಕಿಲೊ ಒಳಗೆ. ದಾದಾ ಮೊದಲ ದಿನವೇ "ಪಟ್ಟಿ ಸಣ್ಣದಾಯಿತು" ಎಂದದ್ದು ಇದನ್ನೇ. ಸೂತ್ರ ಅವರಿಗೆ ಗೊತ್ತಿಲ್ಲ, ಕಣ್ಣಿಗೆ ಗೊತ್ತಿತ್ತು. ಲೆಕ್ಕದ ಚೀಟಿಯನ್ನು ಕಾಕಾರಿಗೆ ತೋರಿಸಿದೆ. ನೋಡಿ, "ಹೌದು, ಒಂದೂವರಿ ಫೂಟ್ ಬೇಕಂತ ನಾನೂ ಅಂದಿದ್ದೆ" ಎಂದು ಚೀಟಿಯ ಹಿಂದೆ ಪ್ಲೈವುಡ್ಡಿನ ಅಳತೆ ಬರೆದುಕೊಂಡರು.

ಜಾಗ ಬದಲಾಯಿತು. ಮಂಚದ ಮೇಲಿನ ಗೋಡೆ ಬೇಡವೇ ಬೇಡ ಎಂದು ಅಮ್ಮಿ ಮೊದಲೇ ಹೇಳಿದ್ದರು. ಎದುರಿನ ಗೋಡೆ ಆಯ್ಕೆಯಾಯಿತು. ಅದರ ಆ ಬದಿಯಲ್ಲಿ ಅಡುಗೆಮನೆ. ಕಾಕಾರಿಗೆ ಬೇಕಾಗಿದ್ದೂ ಅಂಥದೇ ಗೋಡೆ, ಎರಡೂ ಕಡೆಯಿಂದ ಕೈ ಸಿಗುವಂಥದು. ಟೊಳ್ಳು ಗೋಡೆಯ ತೆಳು ಮುಖವನ್ನು ನಂಬುವ ಬದಲು ಬೋಲ್ಟನ್ನು ಆರಪಾರ ದಾಟಿಸಿ, ಹಿಂದುಗಡೆ ಕಬ್ಬಿಣದ ಪಟ್ಟಿಯಿಟ್ಟು ನಟ್ ಬಿಗಿಯುವುದು ಅವರ ಯೋಜನೆ. ಆಗ ಇಡೀ ಗೋಡೆಯೇ ಪಟ್ಟಿ ಮತ್ತು ಬ್ರಾಕೆಟ್ಟಿನ ನಡುವೆ ಸಿಕ್ಕಿಕೊಂಡಿರುತ್ತದೆ. ಕಿತ್ತು ಬರಬೇಕಾದರೆ ಬ್ಲಾಕೇ ಒಡೆದು ಬರಬೇಕು.

ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಇಂಚಿನ ಆಂಗಲ್ ಕೊಯ್ಸಿ ಮೂರು ತ್ರಿಕೋನ ಮಾಡಿಸಿದೆವು. ನಿಂತ ಕಾಲು, ಮಲಗಿದ ತೋಳು, ಎರಡನ್ನೂ ಸೇರಿಸುವ ಓರೆ ಪಟ್ಟಿ. ಓರೆ ಪಟ್ಟಿ ಇಲ್ಲದಿದ್ದರೆ ಬರೀ ಎಲ್ ಆಕಾರದ ಮೂಲೆ ನಿಧಾನವಾಗಿ ಬಾಗಿ ತೆರೆದುಕೊಳ್ಳುತ್ತದೆ. ಅವಕ್ಕೆ ರೆಡ್ ಆಕ್ಸೈಡ್ ಬಳಿದು ಒಣಗಿಸುವ ಕೆಲಸ ನನ್ನದು. ಹಲಗೆಗೆ ಮುಕ್ಕಾಲು ಇಂಚಿನ ಪ್ಲೈವುಡ್, ನಾಲ್ಕಡಿ ಉದ್ದ, 14 ಇಂಚು ಅಗಲ. ನನ್ನ ಮುರಿದ ಹಲಗೆಯ ತುಂಡನ್ನು ಕಾಕಾ ಉಗುರಿನಿಂದ ಕೆರೆದು ತೋರಿಸಿದರು, ಪುಡಿ ಉದುರಿತು. ಅದು ಪಾರ್ಟಿಕಲ್ ಬೋರ್ಡ್. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು, ಮೇಲೆ ಚಂದದ ಹೊದಿಕೆ. ಪ್ಲೈವುಡ್ ಆದರೆ ತೆಳು ಮರದ ಪದರಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಅಂಟಿಸಿದ್ದು. ಬಾಗಿದರೂ ಬಿಸ್ಕತ್ತಿನ ಹಾಗೆ ಮುರಿಯುವುದಿಲ್ಲ.

ಆ ಶುಕ್ರವಾರ ಮಧ್ಯಾಹ್ನದ ಮೇಲೆ ಕೆಲಸ ಶುರು. ಸ್ವಿಚ್ ಬೋರ್ಡಿನಿಂದ ವೈರು ನೇರ ಮೇಲಕ್ಕೆ ಹೋಗಿರುತ್ತದೆ, ಆ ಗೆರೆಯ ಆಚೀಚೆ ಒಂದು ಗೇಣು ಮುಟ್ಟಬೇಡ ಎಂದರು. ಇದೂ ನನಗೆ ಹೊಳೆದಿರದ ವಿಷಯ. ಮೊದಲ ಸಲ ವೈರಿಗೆ ಡ್ರಿಲ್ ತಾಗಿಸದೇ ಬದುಕಿದ್ದು ಬರೀ ಅದೃಷ್ಟ. ಸಮಮಟ್ಟ ನೋಡಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು ಗುರುತು ಮಾಡಿದೆವು. ನೀರು ಎರಡೂ ತುದಿಯಲ್ಲಿ ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅದಕ್ಕೆ ಸೆಲ್ಲೂ ಬೇಡ, ಆಪೂ ಬೇಡ.

ಹ್ಯಾಮರ್ ಬಂದ್ ಮಾಡಿ ಮೊದಲು ಸಣ್ಣ ಬಿಟ್ಟಿನಿಂದ ಆರಪಾರ ಒಂದು ದಾರಿ, ಆಮೇಲೆ ದೊಡ್ಡ ಬಿಟ್ಟಿನಿಂದ ಈ ಕಡೆಯಿಂದ ಅರ್ಧ, ಅಡುಗೆಮನೆ ಕಡೆಯಿಂದ ಅರ್ಧ. ಒಂದೇ ಕಡೆಯಿಂದ ಕೊರೆದರೆ ಬಿಟ್ ಆಚೆ ಹೊರಬೀಳುವಾಗ ದೊಡ್ಡ ಚಕ್ಕೆ ಎಬ್ಬಿಸುತ್ತದೆ. ಆರು ತೂತು ಕೊರೆಯಲು ಒಂದೂವರೆ ತಾಸು ಹಿಡಿಯಿತು. ನನ್ನ ಹಳೆಯ ತೂತುಗಳಿಗೆ ಹತ್ತು ನಿಮಿಷ ಹಿಡಿದಿತ್ತು. ಹತ್ತು ಎಂಎಂ ದಪ್ಪದ ಥ್ರೆಡ್ ರಾಡನ್ನು ಒಂಬತ್ತು ಇಂಚಿಗೆ ಕೊಯ್ದು ದಾಟಿಸಿ ಎರಡೂ ಕಡೆ ವಾಷರ್ ಹಾಕಿ, ಅಡುಗೆಮನೆ ಕಡೆ ಪಟ್ಟಿಯಿಟ್ಟು ಎರಡೆರಡು ನಟ್. ಒಂದು ನಟ್ ಸದ್ದಿನ ನಡುಕಕ್ಕೆ ಸಡಿಲಾಗಬಹುದು, ಎರಡನೆಯದು ಅದನ್ನು ಲಾಕ್ ಮಾಡುತ್ತದೆ. ಪಾನಾ ಹಿಡಿದು ಬಿಗಿಯುವಾಗ ನಾನು ಜೋರು ತೋರಿಸಲು ಹೋದೆ. ಕಾಕಾ ಕೈ ಹಿಡಿದರು. "ಒಳಗ ಟೊಳ್ಳದ. ಹೆಚ್ಚು ಬಿಗದ್ರ ಬ್ಲಾಕ್ ಬಿರಿತದ. ಕೂತಿತೋ, ಸಾಕು."

ಹಲಗೆ ಕೂರಿಸಿದ ಮೇಲೆ ಮುಂದಿನ ಅಂಚಿಗೆ ಒಂದು ಇಂಚಿನ ಮರದ ಪಟ್ಟಿ ಹೊಡೆದರು. ವೂಫರಿನ ನಡುಕಕ್ಕೆ ಪೆಟ್ಟಿಗೆ ದಿನಕ್ಕೆ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ, ಒಂದು ದಿನ ಅಂಚಿಗೆ ಬಂದುಬಿಡುತ್ತದೆ. ಆ ಪಟ್ಟಿ ಅದನ್ನು ತಡೆಯುತ್ತದೆ. ಸ್ಪೀಕರಿನ ಅಡಿಗೆ ಇಡಲು ಹಳೆಯ ಸೈಕಲ್ ಟೈರಿನ ರಬ್ಬರ್ ತುಂಡುಗಳನ್ನು ನಾನು ಕತ್ತರಿಸಿದೆ.

ಆದರೆ ಅಂದೇ ಸ್ಪೀಕರ್ ಇಡಲು ಬಿಡಲಿಲ್ಲ. ಅಂಗಡಿಯಿಂದ 25 ಕಿಲೊದ ಎರಡು ಅಕ್ಕಿ ಮೂಟೆ ತರಿಸಿ ಹಲಗೆಯ ಮೇಲೆ ಹೊರಿಸಿದರು. 27ರ ಜಾಗಕ್ಕೆ 50. ಗೋಡೆಗೂ ಆಂಗಲ್ಲಿಗೂ ನಡುವೆ ಒಂದು ಪೋಸ್ಟ್‌ಕಾರ್ಡಿನ ತುಂಡು ತೂರಿಸಲು ನೋಡಿದರು, ಹೋಗಲಿಲ್ಲ. "ಎರಡು ರಾತ್ರಿ ಇರ್ಲಿ. ಭಾನುವಾರ ಮತ್ತ ಕಾರ್ಡ್ ಹಚ್ಚಿ ನೋಡು. ಹೋತಂದ್ರ ನನಗ ಹೇಳು" ಎಂದು ಹೋದರು. ಆ ಎರಡು ರಾತ್ರಿಯೂ ಛೋಟಿ ಆ ಕೋಣೆಗೆ ಬರಲಿಲ್ಲ. ದಾದಾ ಬಾ ಎಂದರೂ ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದಳು. ಅದನ್ನು ನೋಡಿಯೂ ನೋಡದಂತೆ ಇರಲು ನನಗೆ ಬಹಳ ಕಷ್ಟವಾಯಿತು.

ಈ ನಡುವೆ ದಾದಾ ಒಡೆದ ಸ್ಪೀಕರನ್ನು ಬಿಚ್ಚಿಸಿದ್ದರು. ಅವರ ಕೈ ಈಗ ನಡುಗುತ್ತದೆ. ಹಾಗಾಗಿ ಕೈ ನನ್ನದು, ಕಣ್ಣು ಅವರದು. ವೂಫರಿನ ಕಾಗದದ ಕೋನು ಎರಡು ಬೆರಳಿನಷ್ಟು ಹರಿದಿತ್ತು. ತೆಳುವಾದ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ ಹಿಂದೊಂದು, ಮುಂದೊಂದು ಪದರ ಹಚ್ಚಿಸಿದರು. ದಪ್ಪ ಹಚ್ಚಿದರೆ ಕೋನು ಭಾರವಾಗಿ ಸದ್ದು ಕೆಡುತ್ತದಂತೆ. ಮತ್ತೆ ವೈರು ಸೇರಿಸುವಾಗ ಯಾವುದು ಪ್ಲಸ್, ಯಾವುದು ಮೈನಸ್ ಎಂಬ ಗುರುತು ಅಳಿಸಿಹೋಗಿತ್ತು. ಗಡಿಯಾರದಲ್ಲಿದ್ದ ಒಂದೂವರೆ ವೋಲ್ಟಿನ ಸೆಲ್ ತೆಗೆಸಿ, ಎರಡು ತಂತಿಯಿಂದ ಒಂದು ಕ್ಷಣ ಮುಟ್ಟಿಸಲು ಹೇಳಿದರು. ಕೋನು ಟಪ್ ಎಂದು ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್. ಒಳಕ್ಕೆ ಹೋದರೆ ಉಲ್ಟಾ. ಎರಡು ಸ್ಪೀಕರುಗಳಲ್ಲಿ ಒಂದು ಉಲ್ಟಾ ಆದರೆ ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದು ದಪ್ಪ ಸದ್ದೆಲ್ಲ ಸತ್ತುಹೋಗುತ್ತದೆ. ಮೂವತ್ತು ವರ್ಷ ಅಂಗಡಿಯಲ್ಲಿ ಕೂತು ಮಾಡಿದ್ದನ್ನು ಅವರು ನನಗೆ ಹೇಳಿಕೊಟ್ಟದ್ದು ಇದೇ ಮೊದಲು. ನಾನೂ ಅದಕ್ಕೆ ಮೊದಲು ಕೇಳಿರಲಿಲ್ಲ.

ಭಾನುವಾರ ಕಾರ್ಡ್ ಹಚ್ಚಿ ನೋಡಿದೆ. ಮೂರೂ ಬ್ರಾಕೆಟ್ಟಿನ ಹಿಂದೆ ಹೋಗಲಿಲ್ಲ. ಮೂಟೆ ಇಳಿಸಿ ಸ್ಪೀಕರ್ ಏರಿಸಿದೆವು. ಶೆಲ್ಫ್ ನೆಲದಿಂದ ನಾಲ್ಕೂವರೆ ಅಡಿ. ಮಂಚದ ಮೇಲೆ ಕೂತವರ ಕಿವಿಗೆ ಅದು ಸ್ವಲ್ಪ ಎತ್ತರವೇ. ದಾದಾ ಒಂದು ಕ್ಷಣ ನೋಡಿ, "ತಲೆಕೆಳಗೆ ಮಾಡಿ ಇಡು" ಎಂದರು. ಪೆಟ್ಟಿಗೆ ತಿರುವಿ ಇಟ್ಟಾಗ ಟ್ವೀಟರ್ ಕೆಳಗೆ ಬಂದು ಕಿವಿಗೆ ಹತ್ತಿರವಾಯಿತು. ಸಣ್ಣ ಸ್ವರಗಳು ನೇರ ಬರಬೇಕು, ದಪ್ಪ ಸದ್ದಿಗೆ ಎಲ್ಲಿದ್ದರೂ ನಡೆಯುತ್ತದೆ ಎಂದರು.

ಕಾಕಾರಿಗೆ ಕೂಲಿ ಎಷ್ಟು ಎಂದು ನಾನೇ ಕೇಳಬೇಕೆಂದು ಅಬ್ಬಾರ ಅಪ್ಪಣೆಯಾಗಿತ್ತು. "ಆರನೂರು ಕೊಡು. ಅರ್ಧ ಕೆಲಸ ನೀನೇ ಮಾಡಿದಿ" ಎಂದರು. ನಾನು ಅವರ ಹೆಸರಿನಲ್ಲಿ ಬರೆದದ್ದು 800. ಆಂಗಲ್ ಮತ್ತು ವೆಲ್ಡಿಂಗಿಗೆ 960, ಪ್ಲೈವುಡ್ 720, ರಾಡು, ನಟ್ಟು, ಪಟ್ಟಿಗೆ 310, ಬಣ್ಣಕ್ಕೆ 90. ಕೂಲಿ ಸೇರಿ 2,680. ಅದಕ್ಕೆ ಹಳೆಯ 800 ಸೇರಿಸಿ 3,480 ನನ್ನ ಹೆಸರಿಗೆ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆದಿದೆ. ನನ್ನದೇ ಅಕ್ಷರದಲ್ಲಿ. ಪ್ರತಿ ಭಾನುವಾರ ಅಂಗಡಿಯ ಲೆಕ್ಕ ಬರೆದರೆ 120 ಜಮಾ. ಹದಿನೇಳು ಭಾನುವಾರ ಆಗಿದೆ, ಹನ್ನೆರಡು ಬಾಕಿ. ಟೀ ಶರ್ಟ್ ಒಗೆದು ಒಗೆದು ಆಗಲೇ ಬಣ್ಣ ಬಿಟ್ಟಿದೆ.

ಛೋಟಿ ಸುಮಾರು ಒಂದು ತಿಂಗಳ ಮೇಲೆ ಮಂಚ ಹತ್ತಿ ಕೂತಳು, ಬೆನ್ನು ಆ ಗೋಡೆಗೆ, ಮುಖ ಶೆಲ್ಫಿಗೆ ಮಾಡಿ. ಕಣ್ಣಿಟ್ಟು ಕಾಯುತ್ತಿದ್ದಳೋ ಏನೋ. ಈಗ ಮರೆತಿದ್ದಾಳೆ, ಹೋಂವರ್ಕ್ ಮತ್ತೆ ಅಲ್ಲಿಯೇ.

ಅಡುಗೆಮನೆಯ ಕಡೆ ಆರು ರಾಡಿನ ತುದಿಗಳು ಒಂದೊಂದು ಇಂಚು ಹೊರಗೆ ಉಳಿದಿದ್ದವು. ಕೊಯ್ದು ಹಾಕುತ್ತೇನೆ ಎಂದು ಕಾಕಾ ಗರಗಸ ತಂದಾಗ ಅಮ್ಮಿ ಬೇಡವೆಂದರು. ಮೇಲಿನ ಮೂರಕ್ಕೆ ಈಗ ಸೌಟು, ಜಾಲರಿ, ಚಪಾತಿ ಚಿಮಟ ನೇತಾಡುತ್ತಿವೆ. ಮೊನ್ನೆ ನೋಡಿದರೆ ಈ ಕಡೆ ಹಲಗೆಯ ಮೇಲೂ ಎರಡು ಸ್ಪೀಕರ್‌ಗಳ ನಡುವಿನ ಜಾಗದಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಬಂದು ಕೂತಿದೆ. ಅಂಗಡಿಗೆ ಒಯ್ದು ತೂಗಿದೆ. 4 ಕಿಲೊ 200 ಗ್ರಾಂ. ಹಾಗೇ ವಾಪಸು ತಂದಿಟ್ಟೆ.